ಹವಾ ಕೆಟ್ಟ ದಿನದ ಬೆಟ್ಟ

ಪುಣೆಯ ಶಿವಾಜಿನಗರದಲ್ಲಿ ಶಿಮ್ಲಾ ಆಫೀಸ್ ಅಂತ ಒಂದು ಚೌಕ ಇದೆ. ಊರಿಗೆ ಹೊಸಬರಾದ ನಮ್ಮ ಕಡೆಯವರು ಅಲ್ಲಿ ಹಿಮಾಚಲ ಪ್ರವಾಸದ ಬುಕಿಂಗ್ ನಡೆಯುತ್ತದೆ ಅಂದುಕೊಳ್ಳುವುದುಂಟು. ಅದು ಹವಾಮಾನ ಇಲಾಖೆಯ ಕಟ್ಟಡ. ಬ್ರಿಟಿಷರ ಕಾಲದಲ್ಲಿ ಇಲಾಖೆಯ ಮುಖ್ಯ ಕಚೇರಿ ಶಿಮ್ಲಾದಲ್ಲಿತ್ತು. 1928ರಲ್ಲಿ ಪುಣೆಗೆ ಬಂತು, 1944ರಲ್ಲಿ ದಿಲ್ಲಿಗೆ ಹೋಯಿತು. ಹೆಸರು ಮಾತ್ರ ಇಲ್ಲೇ ಉಳಿದುಕೊಂಡಿತು. ನಾನು ಕೆಲಸ ಮಾಡುವ ಬ್ಯಾಂಕಿನ ದಾರಿಯಲ್ಲೇ ಈ ಚೌಕ ಸಿಗುತ್ತದೆ. ಡಿಸೆಂಬರ್ ಬಂತೆಂದರೆ ಬಸ್ಸಿನಲ್ಲಿ ಕೂತು ಮೊಬೈಲ್‌ನಲ್ಲಿ ಇದೇ ಇಲಾಖೆಯ ಮುನ್ಸೂಚನೆ ನೋಡುತ್ತೇನೆ. ನೋಡುವುದು ಪುಣೆಯದಲ್ಲ, ಹಿಮಾಚಲದ್ದು. ಚಳಿಗಾಲದಲ್ಲಿ ಅಲ್ಲಿನ ಬೆಟ್ಟಗಳ ಫೋಟೋ ತೆಗೆಯುವುದು ನನ್ನ ಹುಚ್ಚು.

ನಾನು ಹುಡುಕುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನೋ ಸುದ್ದಿಯನ್ನು. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಹಿಮಾಲಯಕ್ಕೆ ಬಂದು ಬಡಿಯುವ ಮಳೆಗಾಳಿ ಅದು. ಚಳಿಗಾಲದಲ್ಲಿ ಕಾಶ್ಮೀರ, ಹಿಮಾಚಲಗಳಲ್ಲಿ ಬೀಳುವ ಹಿಮದಲ್ಲಿ ಹೆಚ್ಚಿನ ಪಾಲು ಅದರದ್ದೇ. ಅದು ಮುಂದೆ ಸರಿದ ಮೇಲೆ ಹಿಂದಿನಿಂದ ಉತ್ತರದ ಒಣ ಗಾಳಿ ಇಳಿದು ಬರುತ್ತದೆ. ಕೆಲವು ಸಲ ಆ ಗಾಳಿ ಮಹಾರಾಷ್ಟ್ರದವರೆಗೂ ತಲುಪುತ್ತದೆ. ಪುಣೆಯ ಪಾಷಾಣ್ ಕಡೆ ಒಮ್ಮೆಲೇ ಚಳಿ ಏರಿ, ಜನ ಕಿವಿಗೆ ಮಫ್ಲರ್ ಸುತ್ತಿಕೊಂಡು ಚಹಾದ ಟಪರಿ ಮುಂದೆ ನಿಂತರು ಅಂದರೆ, ಎಷ್ಟೋ ಸಲ ಅದಕ್ಕೆ ಒಂದೆರಡು ದಿನ ಮೊದಲು ಮೇಲೆ ಹಿಮ ಬಿದ್ದಿರುತ್ತದೆ. ಆಗ ಹೊರಟರೆ ತಡವಾಯಿತು ಅಂತಲೇ ಲೆಕ್ಕ. ಹಿಮ ಬೀಳುವ ಮೊದಲೇ ಅಲ್ಲಿರಬೇಕು.

ಇದು ಎಲ್ಲರಿಗೂ ತಿರುಗಾಮುರುಗಾ ಅನಿಸುತ್ತದೆ. ನಮ್ಮ ಸೊಸೈಟಿಯಲ್ಲಿ ಧಾರವಾಡದ ಕಾಕಾ ಒಬ್ಬರಿದ್ದಾರೆ. ಖಡಕಿಯಲ್ಲಿ ನೌಕರಿ ಮಾಡಿ ರಿಟೈರ್ ಆದವರು. ಫಿಲ್ಮ್ ಕಾಲದಲ್ಲಿ ಕಾಶ್ಮೀರಕ್ಕೆ ಹೋಗಿ ಫೋಟೋ ತೆಗೆದವರು. ಅವರೂ ಕೇಳುತ್ತಾರೆ: “ಅಲ್ಲವಾ, ಮೇ ತಿಂಗಳದಾಗ ಹೋದ್ರ ಗುಡ್ಡ ಎಲ್ಲಾ ಸ್ವಚ್ಛ ಕಾಣ್ತಾವ. ಏನೂ ಕಾಣದ ಹೊತ್ತಿನ್ಯಾಗ ಯಾಕ ಹೋಗ್ತಿ?”

ಅರ್ಧ ಕಾಣೋದಕ್ಕೇ ಹೋಗೋದು ಅಂತ ಹೇಳಿದರೆ ನಗುತ್ತಾರೆ. ಆದರೆ ನನ್ನ ಉತ್ತರ ಅದೇ.

ನೀಲಿ ಆಕಾಶದ ಕೆಳಗೆ ನಿಂತ ಬಿಳಿ ಶಿಖರ ಕ್ಯಾಲೆಂಡರ್‌ಗೆ ಚೆನ್ನಾಗಿರುತ್ತದೆ. ಅದರಲ್ಲಿ ಒಂದು ತೊಂದರೆ ಇದೆ. ಎತ್ತರದ ಗಾಳಿ ತೆಳು, ಒಣ, ಧೂಳು ಕಡಿಮೆ. ಅಲ್ಲಿ ಎಷ್ಟೋ ಕಿಲೋಮೀಟರ್ ಆಚೆಯ ಗುಡ್ಡ ಕೂಡ ಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತದೆ. ನಮ್ಮ ಕಣ್ಣು ದೂರವನ್ನು ಅಳೆಯುವುದು ನಡುವಿನ ಮಬ್ಬಿನಿಂದ. ಹತ್ತಿರದ್ದು ಕಪ್ಪು, ಅದರ ಹಿಂದಿನದು ಬೂದು, ಅದರಾಚೆಯದು ಇನ್ನೂ ತೆಳು. ಸಿಂಹಗಡದ ಮೇಲೆ ನಿಂತು ನೋಡಿದರೆ ಸಹ್ಯಾದ್ರಿ ಸಾಲುಸಾಲಾಗಿ ಕಾಣುವುದು ಇದರಿಂದಲೇ. ನಾನು ಹೋಗುವ ಹಿಮಾಚಲದ ಸ್ಪಿತಿ ಕಣಿವೆಯಲ್ಲಿ ಹವಾ ಶುಭ್ರವಾಗಿದ್ದ ದಿನ ಈ ಸಾಲುಗಳು ಇರುವುದಿಲ್ಲ. ಎಲ್ಲವೂ ಒಂದೇ ಗೋಡೆಗೆ ಅಂಟಿಸಿದಂತೆ ಕಾಣುತ್ತದೆ. ಆರು ಸಾವಿರ ಮೀಟರಿನ ಶಿಖರ ಫೋಟೋದಲ್ಲಿ ಮನೆ ಹಿಂದಿನ ದಿಬ್ಬದಷ್ಟಾಗುತ್ತದೆ. ಹಿಮ ಸುರಿಯುವಾಗ, ಮೋಡ ಕಣಿವೆಯಲ್ಲಿ ಓಡಾಡುವಾಗ ದೂರ ಮತ್ತೆ ದೂರವಾಗುತ್ತದೆ, ಬೆಟ್ಟಕ್ಕೆ ಅದರ ಗಾತ್ರ ವಾಪಸ್ ಬರುತ್ತದೆ. ಅರ್ಧ ಮುಚ್ಚಿದ ಮೇಲೆಯೇ ಅದು ಎಷ್ಟು ದೊಡ್ಡದು ಅಂತ ಗೊತ್ತಾಗುವುದು.

ಅದರಲ್ಲೂ ಹಿಮಪಾತ ನಿಂತು ಮೋಡ ಹರಿಯುವ ಹೊತ್ತು ಇದೆಯಲ್ಲ, ಅದಕ್ಕಾಗಿಯೇ ಇಷ್ಟೆಲ್ಲ ಪಾಡು. ಅದು ಹತ್ತು ನಿಮಿಷ ಇರಬಹುದು, ಎರಡು ಗಂಟೆ ಇರಬಹುದು. ಆಮೇಲೆ ಗಾಳಿ ಎದ್ದು ಹೊಸ ಹಿಮವನ್ನು ಏಣುಗಳಿಂದ ಕೆರೆದು ಹಾಕುತ್ತದೆ, ಬಿಸಿಲು ಬಂಡೆಗಳನ್ನು ಬೋಳು ಮಾಡುತ್ತದೆ. ಮರುದಿನ ನೀಲಿ ಆಕಾಶ. ಆಗ ಟ್ಯಾಕ್ಸಿಗಳಲ್ಲಿ ಜನ ಬರುತ್ತಾರೆ.

ಇಟಲಿಯ ವಿಟ್ಟೋರಿಯೊ ಸೆಲ್ಲಾ ಬೆಟ್ಟದ ಫೋಟೋ ತೆಗೆಯುವವರಿಗೆಲ್ಲ ಹಿರಿಯಣ್ಣ. 1899ರಲ್ಲಿ ಅವರು ಡಗ್ಲಸ್ ಫ್ರೆಶ್‌ಫೀಲ್ಡ್ ಎಂಬ ಇಂಗ್ಲಿಷ್ ಪರ್ವತಾರೋಹಿಯ ತಂಡದ ಜೊತೆ ಕಾಂಚನಜುಂಗಾಕ್ಕೆ ಒಂದು ಸುತ್ತು ಹಾಕಿದರು. ಸೆಪ್ಟೆಂಬರ್ ಕೊನೆಯಲ್ಲಿ ಭಾರೀ ಬಿರುಮಳೆ ಬಂತು. ಎತ್ತರದಲ್ಲಿ ಅದು ಹಿಮವಾಗಿ ಸುರಿದು ತಂಡದ ನಡಿಗೆಯನ್ನೇ ಕೆಡಿಸಿತು. ಆದರೆ ಫಿಲ್ಮಿನ ಜಾಗದಲ್ಲಿ ಸೆಲ್ಲಾ ಬಳಸುತ್ತಿದ್ದ ಗಾಜಿನ ಪ್ಲೇಟುಗಳಿಗೆ ಹೊಸ ಹಿಮ ಹೊದ್ದ ಸಿಕ್ಕಿಂನ ಬೆಟ್ಟಗಳು ಸಿಕ್ಕವು. ಆ ಪ್ರವಾಸದಲ್ಲಿ ತೆಗೆದ ಸಿನಿಯೋಲ್ಚು ಶಿಖರದ ಚಿತ್ರವನ್ನು ಇವತ್ತಿಗೂ ಜನ ಹುಡುಕಿ ನೋಡುತ್ತಾರೆ. ಅದೇ ಬಿರುಮಳೆಗೆ ಕೆಳಗೆ ಡಾರ್ಜಿಲಿಂಗ್‌ನಲ್ಲಿ ಗುಡ್ಡಗಳು ಕುಸಿದು ಬಹಳ ಜನ ಸತ್ತರು. ಈ ಎರಡನೆಯ ಮಾತು ನನ್ನ ತಲೆಯಿಂದ ಹೋಗುವುದಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ದಾರಿ. ಪುಣೆಯಿಂದ ಝೇಲಂ ಎಕ್ಸ್‌ಪ್ರೆಸ್ ಹಿಡಿದು ಅಂಬಾಲಾದಲ್ಲಿ ಇಳಿಯುವುದು ನನಗೆ ಇಷ್ಟ. ವಿಮಾನದಲ್ಲಿ ಹೋದರೆ ಬೇಗ, ಆದರೆ ರೈಲಿನಲ್ಲಿ ಚಳಿ ನಿಧಾನಕ್ಕೆ ಮೈಗೆ ಹತ್ತುತ್ತದೆ. ಅಲ್ಲಿಂದ ಶಿಮ್ಲಾ, ರಾಂಪುರ, ಕಿನ್ನೌರ್. ಚಳಿಗಾಲದಲ್ಲಿ ಮನಾಲಿ ಕಡೆಯ ಕುಂಜುಮ್ ಪಾಸ್ ಮುಚ್ಚಿರುತ್ತದೆ, ಹಾಗಾಗಿ ಸ್ಪಿತಿಗೆ ಇದೊಂದೇ ದಾರಿ. ಸುತ್ತು ಜಾಸ್ತಿ. ಆದರೆ ಎತ್ತರ ಸ್ವಲ್ಪ ಸ್ವಲ್ಪವೇ ಏರುವುದರಿಂದ ಮೈ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಖಾಬ್‌ನಲ್ಲಿ ಸ್ಪಿತಿ ನದಿ ಸಟ್ಲೆಜ್‌ಗೆ ಸೇರುತ್ತದೆ. ಆಮೇಲೆ ನಾಕೋ, ತಾಬೋ, ಕೊನೆಗೆ ಸ್ಪಿತಿಯ ಮುಖ್ಯ ಊರು ಕಾಜಾ. ತಾಬೋದ ಮಠ ಕ್ರಿ.ಶ. 996ರದ್ದು. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ. ಬಿಡದಿರುವುದೇ ಒಳ್ಳೆಯದು, ಇಲ್ಲವಾದರೆ ನನ್ನಂಥವರು ನೋಡುವುದನ್ನೇ ಮರೆಯುತ್ತೇವೆ.

ಪುಣೆ ಇರುವುದು ಸುಮಾರು 560 ಮೀಟರ್ ಎತ್ತರದಲ್ಲಿ. ಕಾಜಾ ಸುಮಾರು 3,650 ಮೀಟರ್. ಪ್ರತಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಲೆಕ್ಕ ಹಾಕಿದರೆ ಬರೀ ಎತ್ತರಕ್ಕೇ ಇಪ್ಪತ್ತು ಡಿಗ್ರಿ ಹೋಯಿತು. ಉತ್ತರಕ್ಕೆ ಇರುವುದರ ಚಳಿ, ಗಾಳಿಯ ಚಳಿ ಅದರ ಮೇಲೆ. ಜನವರಿ ರಾತ್ರಿ ಮೈನಸ್ 20ರ ಸುತ್ತಮುತ್ತ ಇಳಿಯುವುದು ಅಲ್ಲಿ ಸುದ್ದಿಯೇ ಅಲ್ಲ. ನಾನು ವಿಜಾಪುರದವಳು. 42 ಡಿಗ್ರಿಯಲ್ಲಿ ಬೆಳೆದ ಮೈ ಇದು. ಹೊರಡುವ ಮುಂಚೆ ಫೋನ್ ಮಾಡಿದರೆ ಅವ್ವ ಹೇಳುವುದು ಒಂದೇ: “ದುಡ್ಡ ಕೊಟ್ಟು ನಡಗಾಕ ಹೊಂಟಾಳ ನೋಡು.”

ಅಲ್ಲಿನ ಬೆಳಕಿನ ಬಗ್ಗೆ ಒಂದು ಲೆಕ್ಕ ಹೇಳಬೇಕು. ಡಿಸೆಂಬರ್ 21ರ ಸುಮಾರಿಗೆ ಪುಣೆಯಲ್ಲಿ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 48 ಡಿಗ್ರಿ ಮೇಲಿರುತ್ತಾನೆ. ಕಾಜಾದಲ್ಲಿ ಸುಮಾರು 34 ಡಿಗ್ರಿ ಅಷ್ಟೇ. ಅಂದರೆ ಇಡೀ ದಿನ ಓರೆ ಬೆಳಕು. ಇಲ್ಲಿ ಬೆಳಗ್ಗೆ ಒಂಬತ್ತಕ್ಕೆ ಕ್ಯಾಮೆರಾ ಒಳಗಿಟ್ಟರೆ ಸಂಜೆ ನಾಲ್ಕರವರೆಗೆ ಹೊರಗೆ ತೆಗೆಯುವ ಮನಸ್ಸಾಗುವುದಿಲ್ಲ. ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಹಿಮದ ಮೇಲೆ ಪ್ರತಿ ಉಬ್ಬು ತಗ್ಗಿಗೆ ನೆರಳಿರುತ್ತದೆ. ಆ ನೆರಳು ನೀಲಿ. ನೇರ ಬಿಸಿಲು ಇಲ್ಲದ ಜಾಗಕ್ಕೆ ಬರುವುದು ಆಕಾಶದ ಬೆಳಕು ಮಾತ್ರ, ಆಕಾಶ ನೀಲಿ, ಹಾಗಾಗಿ ನೆರಳೂ ನೀಲಿ. ಕಣ್ಣು ಅದನ್ನು ಬಿಳಿ ಅಂತ ಒಪ್ಪಿಕೊಂಡುಬಿಡುತ್ತದೆ, ಕ್ಯಾಮೆರಾ ಒಪ್ಪುವುದಿಲ್ಲ. ಕಂಪ್ಯೂಟರಿನಲ್ಲಿ ಆ ನೀಲಿಯನ್ನು ಪೂರ್ತಿ ತೊಳೆದು ಹಾಕುವವರಿದ್ದಾರೆ. ನಾನು ಬಿಡುತ್ತೇನೆ. ನೀಲಿ ತೆಗೆದರೆ ಚಳಿಯೂ ಹೋಗುತ್ತದೆ.

ಇನ್ನೊಂದು ಕಡೆ ಕ್ಯಾಮೆರಾ ತಪ್ಪು ಹೇಳುತ್ತದೆ. ಅದರೊಳಗೆ ಬೆಳಕು ಅಳೆಯುವ ಮೀಟರ್‌ಗೆ ಲೋಕವೆಲ್ಲ ನಡುಬೂದು. ಬಿಳಿ ಹಿಮ ತೋರಿಸಿದರೂ ಬೂದು ಮಾಡಿ ಕೊಡುತ್ತದೆ. ಅದಕ್ಕೇ ಎಕ್ಸ್‌ಪೋಷರನ್ನು, ಅಂದರೆ ಒಳಗೆ ಬಿಡುವ ಬೆಳಕನ್ನು, ಒಂದರಿಂದ ಎರಡು ಸ್ಟಾಪ್ ಮೇಲೆ ಏರಿಸಬೇಕು; ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು. ಹಾಗಂತ ಸುಮ್ನೆ ಏರಿಸುತ್ತಾ ಹೋದರೆ ಬಿಸಿಲು ಬಿದ್ದ ಕಡೆ ಹಿಮದ ಹರಳೇ ಮಾಯ, ಬರೀ ಖಾಲಿ ಕಾಗದ. ಚಿತ್ರದ ಕಪ್ಪು ಬಿಳುಪಿನ ಲೆಕ್ಕ ತೋರಿಸುವ ಹಿಸ್ಟೋಗ್ರಾಂ ಎಂಬ ನಕ್ಷೆ ಬಲಗಡೆಗೆ ಬರಬೇಕು, ಗೋಡೆಗೆ ತಾಗಬಾರದು. ಸ್ಕ್ರೀನ್ ಮೇಲಿನ ಚಿತ್ರವನ್ನು ಮಾತ್ರ ನಂಬಬಾರದು. ಸುತ್ತ ಅಷ್ಟು ಬೆಳಕಿರುವಾಗ ಅದು ಯಾವಾಗಲೂ ಕಪ್ಪಾಗಿಯೇ ಕಾಣುತ್ತದೆ.

ಹಿಮ ಬೀಳುತ್ತಿರುವಾಗ ಆಟೋಫೋಕಸ್ ಹಿಡಿಯಲು ಏನೂ ಸಿಗದೆ ಹಿಂದೆ ಮುಂದೆ ಓಡಾಡುತ್ತದೆ. ಆಗ ಕಪ್ಪಾಗಿರುವ ಒಂದು ವಸ್ತು ಹುಡುಕಬೇಕು. ಯಾಕ್ (ಚಮರೀಮೃಗ) ಇರಬಹುದು, ಬಂಡೆ ಇರಬಹುದು. ಅದಕ್ಕೆ ಕೈಯಿಂದ ಫೋಕಸ್ ಮಾಡಿ ಬಿಟ್ಟುಬಿಡುವುದು. ಶಟರ್ ಸೆಕೆಂಡಿನ 500ರಲ್ಲಿ ಒಂದು ಭಾಗವಾದರೆ ಹಿಮ ಚುಕ್ಕೆಯಾಗಿ ನಿಲ್ಲುತ್ತದೆ, 30ರಲ್ಲಿ ಒಂದು ಭಾಗವಾದರೆ ಗೆರೆಯಾಗಿ ಇಳಿಯುತ್ತದೆ. ನನಗೆ ಗೆರೆ ಇಷ್ಟ, ಗಾಳಿ ಯಾವ ಕಡೆ ಬೀಸುತ್ತಿತ್ತು ಅಂತ ಚಿತ್ರದಲ್ಲೇ ಗೊತ್ತಾಗುತ್ತದೆ. ಫ್ಲ್ಯಾಶ್ ಬೇಡ. ಹತ್ತಿರದ ಹಿಮ ದೊಡ್ಡ ದೊಡ್ಡ ಬಿಳಿ ಉಂಡೆಗಳಾಗಿ ಇಡೀ ಫೋಟೋ ತುಂಬುತ್ತದೆ. ಆಕಾಶದ ನೀಲಿಯನ್ನು ಗಾಢ ಮಾಡುವ ಪೋಲರೈಸರ್ ಫಿಲ್ಟರನ್ನಂತೂ ನಾನು ಪುಣೆಯಲ್ಲೇ ಬಿಟ್ಟು ಹೋಗುತ್ತೇನೆ. ಆ ಎತ್ತರದಲ್ಲಿ ಆಕಾಶ ಮೊದಲೇ ಗಾಢ, ಅದರ ಮೇಲೆ ಇದನ್ನು ಹಾಕಿದರೆ ಹಗಲೇ ರಾತ್ರಿಯ ಬಣ್ಣ.

ಇಷ್ಟು ಬರೆದೆನಲ್ಲ, ಆದರೆ ಅಲ್ಲಿ ನಿಂತಾಗ ತಲೆ ತುಂಬ ಇರುವುದು ಇದ್ಯಾವುದೂ ಅಲ್ಲ. ಬ್ಯಾಟರಿ ಮತ್ತು ಬೆರಳು.

ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕೆಲಸ ಚಳಿಯಲ್ಲಿ ನಿಧಾನವಾಗುತ್ತದೆ. ಅರ್ಧ ಚಾರ್ಜ್ ಇದ್ದರೂ ಕ್ಯಾಮೆರಾ ಖಾಲಿ ಅಂತ ಹೇಳಿ ಮಲಗಿಬಿಡುತ್ತದೆ. ಅದೇ ಬ್ಯಾಟರಿಯನ್ನು ಮೈಗೆ ತಾಗಿಸಿ ಸ್ವಲ್ಪ ಹೊತ್ತು ಇಟ್ಟರೆ ಮತ್ತೆ ಏಳುತ್ತದೆ. ಅದಕ್ಕೆ ಒಂದು ಕ್ಯಾಮೆರಾದಲ್ಲಿ, ಉಳಿದವು ಒಳಗಿನ ಜೇಬಿನಲ್ಲಿ. ಹೆಂಗಸರ ಥರ್ಮಲ್‌ಗೆ ಜೇಬು ಇರುವುದಿಲ್ಲ. ನಾನು ನಮ್ಮ ಓಣಿಯ ಟೇಲರ್ ಹತ್ತಿರ ಎರಡು ಒಳಜೇಬು ಹೊಲಿಸಿಕೊಂಡೆ. ಏನು ಇಡ್ತೀರಿ ಅಂತ ಅವರು ಮರಾಠಿಯಲ್ಲಿ ಕೇಳಿದರು. ಬ್ಯಾಟರಿ ಅಂದೆ. ಮುಂದೆ ಏನೂ ಕೇಳಲಿಲ್ಲ. ಹೆಂಗಸರ ಬಟ್ಟೆಗೆ ಜೇಬು ಇಡದವರ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಬೇಡ. ಇನ್ನೊಂದು ಮಾತು: ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕಬಾರದು. ಒಳಗೆ ಲೋಹದ ಲಿಥಿಯಂ ಪದರ ಕಟ್ಟಿ ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ಮೊದಲು ಅದು ಬೆಚ್ಚಗಾಗಬೇಕು. ಅಷ್ಟು ಹೊತ್ತಿಗೆ ಕರೆಂಟ್ ಹೋಗಿರುತ್ತದೆ, ಆ ಮಾತು ಬೇರೆ.

ಕಾಕಾಗೆ ಈ ಬ್ಯಾಟರಿ ಪುರಾಣ ಹೇಳಿದರೆ ಖುಷಿ. “ನಮ್ಮ ಕ್ಯಾಮೆರಾಕ್ಕ ಬ್ಯಾಟರೀನ ಇರಲಿಲ್ಲವಾ. ಚಳಿ ನಮಗ, ಅದಕ್ಕಲ್ಲ.” ಆದರೆ ಕೆದಕಿದರೆ ಅವರ ಕಷ್ಟವೂ ಹೊರಗೆ ಬರುತ್ತದೆ. ಚಳಿಗೆ ಫಿಲ್ಮ್ ಗಡುಸಾಗಿ, ಜೋರಾಗಿ ತಿರುಗಿಸಿದರೆ ಹರಿಯುತ್ತಿತ್ತಂತೆ. ಒಣ ಹವೆಯಲ್ಲಿ ಫಿಲ್ಮ್ ಓಡುವಾಗ ಒಳಗೇ ಸಣ್ಣ ಕಿಡಿ ಹಾರುತ್ತಿತ್ತಂತೆ. ಊರಿಗೆ ಬಂದು ತೊಳೆಸಿದ ಮೇಲೆ ನೆಗೆಟಿವ್ ಮೇಲೆ ಕವಲೊಡೆದ ಮಿಂಚಿನ ಗೆರೆಗಳು. ಅಂಥ ಒಂದು ನೆಗೆಟಿವನ್ನು ಅವರು ಇನ್ನೂ ಇಟ್ಟುಕೊಂಡಿದ್ದಾರೆ. ಕಿಟಕಿಗೆ ಹಿಡಿದು ತೋರಿಸಿದರು. ಗುಡುಗಿಲ್ಲದ ಆಕಾಶದಲ್ಲಿ ಸಿಡಿಲು. ನಿಜ ಹೇಳಬೇಕೆಂದರೆ ಅವರ ಒಳ್ಳೆಯ ಫೋಟೋಗಳಿಗಿಂತ ಅದೇ ನನಗೆ ಹಿಡಿಸಿತು.

ಬೆರಳಿನ ವಿಷಯಕ್ಕೆ ಪರಿಹಾರ ಅಂತ ಇಲ್ಲ, ರಾಜಿ ಅಷ್ಟೇ. ಒಳಗೆ ತೆಳು ಗ್ಲೌಸ್, ಮೇಲೆ ನಾಲ್ಕು ಬೆರಳೂ ಒಂದೇ ಗೂಡಿನಲ್ಲಿರುವ ದಪ್ಪ ಮಿಟನ್. ಬಟನ್ ಒತ್ತುವಾಗ ಮಾತ್ರ ಮೇಲಿನದು ತೆಗೆಯುವುದು. ಬರಿಗೈಯಲ್ಲಿ ಟ್ರೈಪಾಡಿನ ಲೋಹ ಮುಟ್ಟಬಾರದು, ಕಾಲುಗಳಿಗೆ ಪೈಪಿಗೆ ಸುತ್ತುವ ಫೋಮ್ ಸುತ್ತಬೇಕು. ಕಬ್ಬಿಣದ ಪುಡಿಯ ಬಿಸಿ ಪೊಟ್ಟಣಗಳು ಸಿಗುತ್ತವಲ್ಲ, ಅವು ಗಾಳಿಯ ಆಮ್ಲಜನಕದಿಂದ ಬಿಸಿಯಾಗುವಂಥವು. ಎತ್ತರದಲ್ಲಿ ಗಾಳಿಯೇ ತೆಳು, ಹಾಗಾಗಿ ಅವೂ ಪುಣೆಯಲ್ಲಿ ತೋರಿಸಿದಷ್ಟು ಹುರುಪು ಅಲ್ಲಿ ತೋರಿಸುವುದಿಲ್ಲ. ವ್ಯೂಫೈಂಡರ್‌ಗೆ ಕಣ್ಣಿಟ್ಟಾಗ ಉಸಿರು ಬಿಡುವುದಕ್ಕೂ ಯೋಚನೆ ಮಾಡಬೇಕು, ಬಿಟ್ಟ ಉಸಿರು ಗಾಜಿನ ಮೇಲೆ ಮಂಜುಗಡ್ಡೆಯಾಗುತ್ತದೆ. ಲೆನ್ಸ್ ಮೇಲೆ ಬಿದ್ದ ಹಿಮವನ್ನು ಬಾಯಿಂದ ಊದಬಾರದು, ಬ್ರಷ್‌ನಿಂದ ಹೊಡೆಯಬೇಕು.

ಸಂಜೆ ಮನೆಯೊಳಗೆ ಬರುವಾಗ ಇನ್ನೊಂದು ಕಂಟಕ. ಮುಂಬೈಯಲ್ಲಿ ಜುಲೈ ತಿಂಗಳು ಎಸಿ ಬಸ್ಸಿನಿಂದ ಇಳಿದ ತಕ್ಷಣ ಕನ್ನಡಕ ಮಬ್ಬಾಗುತ್ತದೆ, ಅಲ್ವಾ? ಸ್ಪಿತಿಯಲ್ಲೂ ನಡೆಯುವುದು ಅದೇ. ತಣ್ಣಗಿನ ವಸ್ತು ಹಸಿ ಗಾಳಿಗೆ ಬಂದರೆ ಮೇಲೆ ನೀರು ಕಟ್ಟುತ್ತದೆ. ಅಲ್ಲಿ ಹೊರಗೆ ಮೈನಸ್ 15, ಒಳಗೆ ಒಲೆ, ಕುದಿಯುವ ಥುಕ್ಪಾ ಎಂಬ ನೂಡಲ್ ಸೂಪಿನ ಆವಿ, ಹತ್ತು ಜನರ ಉಸಿರು. ಕ್ಯಾಮೆರಾವನ್ನು ಹಾಗೇ ಒಳಗೆ ತಂದರೆ ಲೆನ್ಸಿನ ಒಳಗೂ ನೀರು ಕಟ್ಟಬಹುದು. ಹೊರಗೇ ಜಿಪ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ ಮುಚ್ಚಿ, ಆಮೇಲೆ ತರುವುದು. ನೀರು ಚೀಲದ ಮೇಲೆ ಕಟ್ಟಲಿ. ಒಂದೆರಡು ಗಂಟೆ ಮುಟ್ಟಬಾರದು. ಮೆಮೊರಿ ಕಾರ್ಡನ್ನು ಮಾತ್ರ ಹೊರಗೇ ತೆಗೆದುಕೊಂಡಿರಬೇಕು, ಇಲ್ಲವಾದರೆ ಆ ಎರಡು ಗಂಟೆ ಕಳೆಯುವುದು ಬಹಳ ಕಷ್ಟ.

ಗಾಳಿಯಲ್ಲಿ ನಿಲ್ಲುವ ಅಭ್ಯಾಸವನ್ನು ಮಾತ್ರ ಸಹ್ಯಾದ್ರಿಯಲ್ಲೇ ಮಾಡಬಹುದು. ಅದೂ ಚಳಿಗಾಲದಲ್ಲಿ ಅಲ್ಲ, ಮಳೆಗಾಲದಲ್ಲಿ. ನಮ್ಮ ಬೆಟ್ಟಗಳ ಕೆಟ್ಟ ಹವಾ ಅಂದರೆ ಜುಲೈ. ನಾಣೇಘಾಟ್‌ನಲ್ಲಿ ಕೊಂಕಣದ ಕಡೆಯಿಂದ ಏರುವ ಗಾಳಿ ಜಲಪಾತವನ್ನೇ ಮೇಲಕ್ಕೆ ಎಸೆಯುತ್ತದೆ. ಅಲ್ಲಿ ಟ್ರೈಪಾಡ್ ಗಟ್ಟಿಯಾಗಿ ನಿಲ್ಲಿಸಲು ಕಲಿತರೆ ಎಲ್ಲಿಯೂ ನಿಲ್ಲಿಸಬಹುದು. ಕಾಲು ಪೂರ್ತಿ ಎಳೆಯಬಾರದು, ನಡುಕಂಬ ಏರಿಸಬಾರದು, ಗಾಳಿಗೆ ಬೆನ್ನು ಕೊಟ್ಟು ನಾವೇ ಅಡ್ಡ ನಿಲ್ಲಬೇಕು. ಚಳಿಗಾಲದಲ್ಲಿ ಮಹಾಬಳೇಶ್ವರದ ವೆಣ್ಣಾ ಕೆರೆಯ ಹತ್ತಿರ ಇಬ್ಬನಿ ಹೆಪ್ಪುಗಟ್ಟಿತು ಅಂತ ಮರಾಠಿ ಪೇಪರಿನಲ್ಲಿ ಬರುತ್ತದೆ. ಹಾಗಂತ ಓಡಿದರೆ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆದರೂ ಹುಲ್ಲಿನ ಎಸಳಿನ ಮೇಲೆ ಆ ಬಿಳಿ ನೋಡುವುದು ಚಂದ.

ಕಷ್ಟದ ಮಾತು ಬಂದಾಗ ನನಗೆ ನೆನಪಾಗುವುದು ಸ್ಯಾಮ್ಯುಯಲ್ ಬೋರ್ನ್. 1860ರ ದಶಕದಲ್ಲಿ ಶಿಮ್ಲಾದಿಂದ ಹಿಮಾಲಯಕ್ಕೆ ಹೊರಟ ಇಂಗ್ಲಿಷ್ ಫೋಟೋಗ್ರಾಫರ್. 1866ರಲ್ಲಿ ಅವನು ಕಿನ್ನೌರ್ ಮತ್ತು ಸ್ಪಿತಿ ನಡುವಿನ ಮಣಿರಂಗ್ ಪಾಸ್‌ಗೆ ಕ್ಯಾಮೆರಾ ಏರಿಸಿದ. ಅದರ ಎತ್ತರ 18,600 ಅಡಿ ಅಂತ ಅವನ ಕಾಲದ ಲೆಕ್ಕ. ಅದಕ್ಕಿಂತ ಎತ್ತರದಲ್ಲಿ ಆವರೆಗೆ ಯಾರೂ ಫೋಟೋ ತೆಗೆದಿರಲಿಲ್ಲ. ಅವನದು ಹಸಿ ಪ್ಲೇಟಿನ ಕಾಲ. ಗಾಜಿಗೆ ಕೊಲೋಡಿಯನ್ ಎಂಬ ಅಂಟು ದ್ರವ ಸುರಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಒಣಗುವ ಮೊದಲೇ ಫೋಟೋ ತೆಗೆದು, ಅಲ್ಲೇ ಡೇರೆಯ ಕತ್ತಲಲ್ಲಿ ತೊಳೆಯಬೇಕು. ಇದನ್ನೆಲ್ಲ ಮರಗಟ್ಟುವ ಚಳಿಯಲ್ಲಿ, ಒದ್ದೆ ಕೈಯಲ್ಲಿ ಮಾಡಿದ. ನನ್ನ ಬ್ಯಾಟರಿ ಗೋಳು ಅದರ ಮುಂದೆ ಏನೂ ಅಲ್ಲ.

ಆ ಪ್ಲೇಟುಗಳಿಗೆ ನೀಲಿ ಬೆಳಕು ಕಂಡರೆ ಅತಿ ಆಸೆ, ಬೇರೆ ಬಣ್ಣ ಹೆಚ್ಚು ಕಡಿಮೆ ಕಾಣುತ್ತಲೇ ಇರಲಿಲ್ಲ. ಹಾಗಾಗಿ ಎಷ್ಟೇ ಶುಭ್ರ ದಿನವಾದರೂ ಆಕಾಶ ಬಿಳಿಯಾಗಿಯೇ ಬರುತ್ತಿತ್ತು. ಬಿಳಿ ಹಿಮ, ಬಿಳಿ ಆಕಾಶ. ಶಿಖರದ ಅಂಚು ಎಲ್ಲಿ ಮುಗಿಯಿತು ಅಂತ ಹುಡುಕಬೇಕು. ಬೋರ್ನ್ ಶುಭ್ರ ಹವೆಗಾಗಿ ಕಾಯುತ್ತಿದ್ದ, ಮೋಡ ಬಂದರೆ ಗೊಣಗುತ್ತಿದ್ದ. ಅವನ ಪ್ರವಾಸದ ಬರಹಗಳಲ್ಲಿ ಇನ್ನೊಂದು ವಿಷಯವೂ ಇದೆ. ಗಾಜು, ರಾಸಾಯನಿಕ, ಡೇರೆ ಎಲ್ಲ ಹೊತ್ತವರು ಊರೂರಿನ ಕೂಲಿಗಳು. ಚಳಿಗೆ ಹೆದರಿ ಅವರು ಹೊರೆ ಬಿಟ್ಟು ಓಡಿಹೋಗುತ್ತಿದ್ದರು ಅಂತ ಅವನೇ ಸಿಟ್ಟಿನಿಂದ ಬರೆದಿದ್ದಾನೆ. ನನಗೇನೋ ಓಡಿಹೋದವರೇ ಬುದ್ಧಿವಂತರು ಅನಿಸುತ್ತದೆ.

ಇವತ್ತು ನನ್ನ ಹೊರೆ ನಾನೇ ಹೊರುತ್ತೇನೆ ಅಂತ ಬೀಗಬಹುದು. ಅದು ಪೂರ್ತಿ ನಿಜವಲ್ಲ. ರಸ್ತೆಯಲ್ಲಿ ಕಲ್ಲು ಬೀಳುವ ಜಾಗ ಯಾವುದು, ಇವತ್ತು ಆ ತಿರುವು ದಾಟಬಹುದಾ, ಇದೆಲ್ಲ ಡ್ರೈವರ್ ತಲೆಯಲ್ಲಿರುವ ಹೊರೆ. ಅವರು ಬೇಡ ಅಂದರೆ ಬೇಡ. ಸಾವಿರ ರೂಪಾಯಿ ಜಾಸ್ತಿ ಕೊಡ್ತೀವಿ ನಡೀರಿ ಅನ್ನುವ ಫೋಟೋಗ್ರಾಫರ್‌ಗಳನ್ನು ನೋಡಿದ್ದೇನೆ. ಅಂಥವರ ಫೋಟೋ ಎಷ್ಟೇ ಚೆನ್ನಾಗಿದ್ದರೂ ನನಗೆ ನೋಡಲು ಮನಸ್ಸಾಗುವುದಿಲ್ಲ.

ಒಲೆಯ ಹೊರೆ ನಾನು ಉಳಿದುಕೊಳ್ಳುವ ಮನೆಯವರದು. ಚಳಿಗಾಲದಲ್ಲಿ ಸ್ಪಿತಿಯ ಮನೆ ಅಂದರೆ ಒಂದೇ ಕೋಣೆ. ನಡುವೆ ತಗಡಿನ ಒಲೆ, ಅದಕ್ಕೆ ಅವರು ತಂದೂರ್ ಅನ್ನುತ್ತಾರೆ. ಕಟ್ಟಿಗೆ, ಸಗಣಿ ಬೆರಣಿ ಎಲ್ಲ ಬೇಸಿಗೆಯಲ್ಲೇ ಕೂಡಿಟ್ಟಿದ್ದು. ನಲ್ಲಿಗಳು ಹೆಪ್ಪುಗಟ್ಟಿರುತ್ತವೆ, ನೀರು ಹೊತ್ತು ತರಬೇಕು. ನಾನು ಒಂದು ಬಕೆಟ್ ಬಿಸಿನೀರು ಕೇಳಿದರೆ ಅದರ ಹಿಂದೆ ಯಾರದೋ ಒಂದು ಗಂಟೆಯ ನಡಿಗೆ ಇರುತ್ತದೆ. ಹಾಗಾಗಿ ಕೇಳುವುದಿಲ್ಲ. ಸ್ನಾನ ಅಂಬಾಲಾ ರೈಲು ಹತ್ತುವ ಮುಂಚೆ.

ಹಿಮ ಬಿದ್ದ ಬೆಳಗ್ಗೆ ನಾನು ಕತ್ತಲಲ್ಲೇ ಎದ್ದು ಟ್ರೈಪಾಡ್ ಹಿಡಿದು ಹೊರಗೆ ಬಂದರೆ, ಮನೆಯ ಅಮ್ಮ ಆಗಲೇ ಮಾಳಿಗೆಯ ಮೇಲೆ. ಅಲ್ಲಿನ ಮನೆಗಳಿಗೆ ಚಪ್ಪಟೆ ಮಣ್ಣಿನ ಮಾಳಿಗೆ. ಹಿಮ ಹಾಗೇ ಬಿಟ್ಟರೆ ಭಾರ ಕೂರುತ್ತದೆ, ಕರಗಿದರೆ ಮಣ್ಣಿನೊಳಗಿಂದ ಸೋರುತ್ತದೆ. ಅದಕ್ಕೆ ಮರದ ಹಲಗೆಯಿಂದ ತಳ್ಳಿ ಕೆಳಗೆ ಹಾಕುತ್ತಾರೆ. ಹಿಮ ನಿಂತ ಆ ಅಮೂಲ್ಯ ಹೊತ್ತಿನಲ್ಲಿ ಊರಿನ ಎಲ್ಲ ಮಾಳಿಗೆಗಳ ಮೇಲೂ ಜನ. ಹಿಂದೆ ಮೋಡ ಹರಿದು ಶಿಖರ ಗುಲಾಬಿ ಆಗುತ್ತಿರುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ಕೆಲಸ ಇದೆ.

ಮೊದಮೊದಲು ಈ ಜನರು ಫ್ರೇಮಿನಿಂದ ಆಚೆ ಹೋಗಲಿ ಅಂತ ಕಾಯುತ್ತಿದ್ದೆ. ನಿರ್ಜನ ಬೆಟ್ಟ ಬೇಕಿತ್ತು. ಈಗ ಅವರು ಇರಲಿ ಅಂತ ಕಾಯುತ್ತೇನೆ. ಸುಮಾರು ನಾಲ್ಕು ಸಾವಿರ ಮೀಟರಿನಲ್ಲಿ ಒಬ್ಬ ಹೆಂಗಸು ಹಲಗೆ ಹಿಡಿದು ನಿಂತಿದ್ದಾಳೆ ಅಂದರೆ ಹಿಂದಿನ ಬೆಟ್ಟದ ಎತ್ತರಕ್ಕೆ ಬೇರೆ ಅಳತೆಗೋಲು ಬೇಡ. ಗುಡ್ಡದ ಮೇಲಿರುವ ಸ್ಪಿತಿಯ ಕೀ ಮಠದ ಫೋಟೋವನ್ನು ಎಲ್ಲರೂ ಅದೇ ತಿರುವಿನಿಂದ ತೆಗೆಯುತ್ತಾರೆ, ನಾನೂ ತೆಗೆದಿದ್ದೇನೆ. ಯಾರದು ಯಾವುದು ಅಂತ ಗುರುತಿಸಲು ಆಗುವುದಿಲ್ಲ. ಮಾಳಿಗೆಯ ಫೋಟೋ ಹಾಗಲ್ಲ. ಒಬ್ಬೊಬ್ಬರೂ ತಳ್ಳುವ ರೀತಿ ಬೇರೆ.

ಹಿಮ ನೋಡಲು ಅಷ್ಟು ದೂರದಿಂದ ಬಂದಿರಾ ಅಂತ ಆ ಅಮ್ಮ ಕೇಳಿದರು. ಹೌದು ಅಂದೆ. ನಮಗೂ ಬೇಕು ಅಂದರು. ಸ್ಪಿತಿ ಮಳೆ ನೆರಳಿನ ನಾಡು, ಮಳೆಗಾಲದ ಮೋಡ ಅಲ್ಲಿಗೆ ಅಷ್ಟಾಗಿ ಬರುವುದಿಲ್ಲ. ಚಳಿಗಾಲದಲ್ಲಿ ಬಿದ್ದ ಹಿಮವೇ ಬೇಸಿಗೆಯಲ್ಲಿ ಕರಗಿ ಕಾಲುವೆಗಳಲ್ಲಿ ಇಳಿದು ಬಾರ್ಲಿ, ಬಟಾಣಿ ಹೊಲಗಳಿಗೆ ನೀರಾಗುತ್ತದೆ. ಹಿಮ ಕಡಿಮೆ ಬಿದ್ದ ವರ್ಷ ಬಟಾಣಿಗೆ ತೊಂದರೆ. ಅಂದರೆ ನಾನು ಪುಣೆಯಲ್ಲಿ ಬಸ್ಸಿನಲ್ಲಿ ಕೂತು ಕಾಯುವ ಅದೇ ಮುನ್ಸೂಚನೆಯನ್ನು ಅವರೂ ಕಾಯುತ್ತಾರೆ. ನನಗೆ ಬೇಕಾದ್ದು ಎರಡು ಗಂಟೆಯ ಹಿಮ. ಅವರಿಗೆ ಬೇಕಾದ್ದು ಒಂದು ವರ್ಷದ್ದು. ಹಿಮ ಮಿತಿ ಮೀರಿದರೆ ನನಗೆ ಕೆಲವು ದಿನ ರಜೆ ಜಾಸ್ತಿ ಹಾಕಬೇಕಾಗುತ್ತದೆ, ಅವರಿಗೆ ಆಸ್ಪತ್ರೆಯ ದಾರಿ ಮುಚ್ಚುತ್ತದೆ. ಸೆಲ್ಲಾ ಅವರ ಹೊಸ ಹಿಮ ಮತ್ತು ಡಾರ್ಜಿಲಿಂಗ್‌ನ ಕುಸಿದ ಗುಡ್ಡಗಳನ್ನು ನಾನು ಬೇರೆ ಬೇರೆ ಮಾಡಿ ನೋಡಲಾರದ್ದು ಇದಕ್ಕೇ.

ವಾಪಸ್ ಬಂದ ಮೇಲೆ ಪುಣೆಯ ನಮ್ಮ ಕನ್ನಡದ ಗೆಳೆಯರಿಗೆ ಒಂದು ಭಾನುವಾರ ಫೋಟೋ ತೋರಿಸಿದೆ. ಉಪ್ಪಿಟ್ಟು, ಚಹಾ, ಗೋಡೆಗೆ ಪ್ರೊಜೆಕ್ಟರ್. ಎಲ್ಲರಿಗೂ ಹಿಡಿಸಿದ್ದು ನೀಲಿ ಆಕಾಶದ ಒಂದು ಫೋಟೋ, ಯಾವುದೋ ತಿರುವಿನಲ್ಲಿ ಗೆಳತಿಗಾಗಿ ತೆಗೆದದ್ದು. ಇದನ್ನ ದೊಡ್ಡದು ಮಾಡಿಸಿ ಹಾಕಿ ಅಂದರು. ಬರೀ ಬಿಳಿಯ ನಡುವೆ ಒಂದು ಯಾಕ್ ನಿಂತಿದ್ದ ಫೋಟೋ ಬಂದಾಗ ಹಿಂದಿನ ಸಾಲಿನಿಂದ ಯಾರೋ ಪ್ರೊಜೆಕ್ಟರ್ ಕೆಟ್ಟಿತಾ ಅಂತ ಕೇಳಿದರು. ಕಾಕಾ ಮಾತ್ರ ಎದ್ದು ಗೋಡೆಯ ಹತ್ತಿರ ಹೋಗಿ, ಕನ್ನಡಕ ಮೇಲೆತ್ತಿ, ಯಾಕ್ ಮೈಮೇಲಿನ ಹಿಮದ ಗೆರೆಗಳನ್ನು ನೋಡಿದರು. “ಮೂವತ್ತರಾಗ ಒಂದು ಭಾಗ?” ಅಂದರು. ಹೌದ್ರೀ ಕಾಕಾ ಅಂದೆ. “ಕೈ ನಡಗಿಲ್ಲ” ಅಂದು ಕೂತರು.

ಮಾಳಿಗೆಯ ಫೋಟೋವನ್ನು ಅವ್ವನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ರಾತ್ರಿ ಫೋನ್ ಬಂತು.

“ಗುಡ್ಡ ಅಷ್ಟಾಗಿ ಕಾಣವಲ್ದಲ್ಲ. ಆ ಹೆಣ್ಮಗಳು ಮ್ಯಾಲ ನಿಂತು ಏನ್ ಮಾಡಾಕತ್ತಾಳ?”

“ಹಿಮ ತಗ್ಯಾಕತ್ತಾಳವ್ವ. ಬಿಟ್ರ ಕರಗಿ ಮನಿ ಸೋರತೈತಿ.”

“ಮಣ್ಣಿನ ಮಾಳಿಗಿ ಏನು ಅದು? ನಮ್ಮಂಗs?”

“ಹೂಂ, ನಮ್ಮಂಗs.”

ಅವ್ವ ಸ್ವಲ್ಪ ಹೊತ್ತು ಫೋಟೋ ನೋಡಿದಳು ಅಂತ ಕಾಣುತ್ತದೆ. ಆಮೇಲೆ ಅಂದಳು: “ಹ್ವಾದ ಮಳಿಗಾಲದಾಗ ನಮ್ಮ ದೇವರ ಖೋಲಿ ಮೂಲ್ಯಾಗೂ ಸೋರೇತಿ. ನಿನ್ನ ತಮ್ಮಗ ಹೇಳಿ ಹೇಳಿ ಸಾಕಾತು, ಕಿವಿಮ್ಯಾಲ ಹಾಕ್ಕೊಳ್ಳವಲ್ಲ. ಯುಗಾದಿ ಆದ ಕೂಡಲೆ ಆಳ ಕರಸಿ ಹೊಸಾ ಮಣ್ಣ ಹಾಕಸು ಅಂತ ನೀನ ಒಂದ್ ಫೋನ್ ಹಚ್ಚು. ಈ ಫೋಟೋನೂ ಕಳಸು ಅವಗ.”